ಕವಾಟದ ಸಣ್ಣ ಸೋರಿಕೆ: ಹೆದರುವವರಿಗೂ ಮರೆಯುವವರಿಗೂ

ಕಳೆದ ತಿಂಗಳ ಎರಡನೇ ಜುಮಾದಲ್ಲಿ ಖುತ್ಬಾದ ವಿಷಯ ಅಮಾನತ್ ಆಗಿತ್ತು. ಹಣ, ಮಾತು, ಹುದ್ದೆಗಳಂತೆ ನಮ್ಮ ದೇಹವೂ ಅಲ್ಲಾಹನು ನಮ್ಮ ವಶಕ್ಕೆ ಕೊಟ್ಟ ಅಮಾನತ್ತು, ಅದರ ಬಗ್ಗೆಯೂ ನಾಳೆ ವಿಚಾರಣೆ ಇದೆ ಎಂದು ಹೇಳಿ ಮುಗಿಸಿದ್ದೆ. ನಮಾಝ್ ಮುಗಿದು ಜನ ಚದುರಿದ ಮೇಲೆ ನಮ್ಮ ಜಮಾಅತಿನ ಹಿರಿಯರೊಬ್ಬರು ಕೈಯಲ್ಲಿ ಆಸ್ಪತ್ರೆಯ ಕವರ್ ಹಿಡಿದು ಮೆಟ್ಟಿಲ ಬಳಿ ನಿಂತಿದ್ದರು.

"ಉಸ್ತಾದ್, ಒಂದು ವಿಷಯ ಕೇಳಲಿಕ್ಕಿತ್ತು" ಎಂದರು. ಕೋಣೆಗೆ ಕರೆದುಕೊಂಡು ಹೋದೆ. ಕುಳಿತುಕೊಳ್ಳುವ ಮೊದಲೇ ಅವರ ಕಣ್ಣು ತುಂಬಿತು. "ಮಗಳ ಹಾರ್ಟಿನಲ್ಲಿ ತೂತಂತೆ. ಹಾರ್ಟು ಅರುವತ್ತು ಪರ್ಸೆಂಟ್ ಮಾತ್ರ ಕೆಲಸ ಮಾಡುವುದಂತೆ. ನಿಕಾಹ್‌ಗೆ ಇನ್ನು ಎರಡು ತಿಂಗಳು. ಹುಡುಗನ ಮನೆಯವರಿಗೆ ಹೇಳಬೇಕಾ? ಬರುವ ರಮಝಾನಿನಲ್ಲಿ ಅವಳು ಉಪವಾಸ ಹಿಡಿಯಬಹುದಾ?"

ಕವರಿನಿಂದ ಎಕೋ ವರದಿ ತೆಗೆದು ನೋಡಿದೆ. ಅದರಲ್ಲಿ ತೂತಿನ ಮಾತೇ ಇರಲಿಲ್ಲ. ಮೈಟ್ರಲ್ ವಾಲ್ವ್ ಪ್ರೊಲ್ಯಾಪ್ಸ್, ಮೈಲ್ಡ್ ಎಂ.ಆರ್., ಇ.ಎಫ್. 60 ಎಂದು ಬರೆದಿತ್ತು. ನಾನು ವೈದ್ಯನಲ್ಲ. ಆದರೆ ಈ ಅಕ್ಷರಗಳು ನನಗೆ ಹೊಸವೂ ಅಲ್ಲ. ಕಪಾಟಿನಿಂದ ನನ್ನದೇ ಫೈಲು ತೆಗೆದು ಅವರ ಮುಂದೆ ಇಟ್ಟೆ. ನನ್ನ ವರದಿಯಲ್ಲೂ ಎಂಟು ವರ್ಷಗಳಿಂದ ಅದೇ ಎಂ.ಆರ್. ಇದೆ. ಈ ಎಂಟು ವರ್ಷಗಳಲ್ಲಿ ನಾನು ಎಷ್ಟು ಜುಮಾ ಖುತ್ಬಾ ಹೇಳಿದ್ದೇನೆ ಎಂಬುದು ಆ ಹಿರಿಯರಿಗೇ ಗೊತ್ತು.

ಆ ದಿನ ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ನನ್ನನ್ನು ನೋಡುವ ಹೃದಯ ತಜ್ಞರಲ್ಲಿ ಕೇಳಿ ತಿಳಿದ ಮಾತುಗಳೂ ಇದರಲ್ಲಿ ಸೇರಿವೆ.

ನಮ್ಮ ಹೃದಯದಲ್ಲಿ ನಾಲ್ಕು ಕೋಣೆ, ನಾಲ್ಕು ಕವಾಟ. ಕವಾಟ ಎಂದರೆ ಬಾಗಿಲು ಎಂದೇ ಅರ್ಥ, ಆದರೆ ಇದು ಒಂದೇ ಕಡೆಗೆ ತೆರೆಯುವ ಬಾಗಿಲು. ರಕ್ತ ಮುಂದಕ್ಕೆ ಹೋಗುವಾಗ ತೆರೆಯುತ್ತದೆ, ಹೋದ ಮೇಲೆ ಮುಚ್ಚುತ್ತದೆ, ಹಿಂದಕ್ಕೆ ಬರಲು ಬಿಡುವುದಿಲ್ಲ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಈ ಕೆಲಸ ನಡೆಯುತ್ತದೆ. ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗ ಕೇಳುವ ಲಬ್-ಡಬ್ ಸದ್ದು ಈ ಬಾಗಿಲುಗಳು ಮುಚ್ಚುವಾಗ ಬರುವುದು. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಒಂದಿಷ್ಟು ರಕ್ತ ಹಿಂದಕ್ಕೆ ಸೋರುತ್ತದೆ. ಪೂರ್ತಿ ತೆರೆಯದೆ ಕಿರಿದಾಗಿದ್ದರೆ ರಕ್ತ ನುಗ್ಗಿ ಹೋಗಬೇಕಾಗುತ್ತದೆ. ಎರಡೂ ಸಂದರ್ಭದಲ್ಲಿ ಲಬ್-ಡಬ್ ನಡುವೆ ಸುಯ್ಯೆನ್ನುವ ಇನ್ನೊಂದು ಸದ್ದು ಕೇಳುತ್ತದೆ. ಅದನ್ನು ವೈದ್ಯರು ಮರ್ಮರ್ ಎನ್ನುತ್ತಾರೆ. ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲಿನ ಹೆಸರು ಮೈಟ್ರಲ್. ಅದು ಸೋರಿದರೆ ವರದಿಯಲ್ಲಿ ಎಂ.ಆರ್. ಎಂದು ಬರೆಯುತ್ತಾರೆ, ಕಿರಿದಾಗಿದ್ದರೆ ಎಂ.ಎಸ್. ಎಂದು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬಲಭಾಗದ ರಕ್ತ ನೇರವಾಗಿ ಗೋಡೆಯ ಮೂಲಕ ಎಡಕ್ಕೆ ದಾಟುವುದಿಲ್ಲ, ಶ್ವಾಸಕೋಶಕ್ಕೆ ಹೋಗಿ ಗಾಳಿ ಕೂಡಿಸಿಕೊಂಡೇ ಎಡಕ್ಕೆ ಬರುತ್ತದೆ ಎಂದು 13ನೇ ಶತಮಾನದಲ್ಲೇ ಬರೆದವರು ಇಬ್ನುನ್ನಫೀಸ್. ದಮಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದವರು, ಶಾಫಿಈ ಫಿಕ್ಹ್ ಕಲಿಸುತ್ತಿದ್ದವರು, 1288ರಲ್ಲಿ ವಫಾತಾದವರು. ಮದ್ರಸದಲ್ಲಿ ಅವರ ಹೆಸರನ್ನು ನಾನು ಕೇಳಿರಲಿಲ್ಲ. ಎಕೋ ಕೋಣೆಯ ಹೊರಗೆ ಸರದಿ ಕಾಯುತ್ತಾ ಪುಸ್ತಕ ಓದುವಾಗ ಸಿಕ್ಕಿದ್ದು.

ಈಗ ವರದಿಯ ಭಾಷೆಗೆ ಬರೋಣ. ಸೋರಿಕೆಯನ್ನು ಮೈಲ್ಡ್, ಮಾಡರೇಟ್, ಸಿವಿಯರ್ ಎಂದು ಮೂರು ಹಂತಗಳಲ್ಲಿ ಹೇಳುತ್ತಾರೆ. ಅಂದರೆ ಅಲ್ಪ, ಮಧ್ಯಮ, ತೀವ್ರ. ಇವಕ್ಕೂ ಕೆಳಗೆ ಟ್ರಿವಿಯಲ್ ಅಥವಾ ಟ್ರೇಸ್ ಎಂಬ ಮಾತಿದೆ. ಅದು ಆರೋಗ್ಯವಂತರ ಎಕೋದಲ್ಲೂ ಧಾರಾಳವಾಗಿ ಕಾಣುತ್ತದೆ, ಅದನ್ನು ರೋಗವೆಂದು ಯಾರೂ ಎಣಿಸುವುದಿಲ್ಲ. ಮೈಲ್ಡ್ ಎಂದರೆ ಸೋರಿಕೆ ಇದೆ, ಆದರೆ ಹೃದಯಕ್ಕೆ ಅದರ ಭಾರ ತಟ್ಟಿಲ್ಲ. ಹೆಚ್ಚಿನವರಿಗೆ ಮಾತ್ರೆಯೂ ಬೇಡ, ಶಸ್ತ್ರಚಿಕಿತ್ಸೆಯೂ ಬೇಡ. ಅನೇಕರು ಹೀಗೆಯೇ ಆಯುಷ್ಯ ಪೂರ್ತಿ ಕಳೆಯುತ್ತಾರೆ. ಕೆಲವರಲ್ಲಿ ಮಾತ್ರ ಅದು ವರ್ಷಗಳು ಕಳೆದಂತೆ ಹೆಚ್ಚುತ್ತದೆ. ಆ ಕೆಲವರು ಯಾರೆಂದು ಮುಂಚಿತವಾಗಿ ಖಚಿತವಾಗಿ ಹೇಳಲು ಬರುವುದಿಲ್ಲ. ಆದ್ದರಿಂದಲೇ ಆಗಾಗ ನೋಡಿಸಿಕೊಳ್ಳುತ್ತಿರಬೇಕು.

ಇ.ಎಫ್. 60 ಎಂಬುದನ್ನು ಆ ತಂದೆ ಪರೀಕ್ಷೆಯ ಅಂಕದಂತೆ ಓದಿದ್ದರು. ಹೀಗೆ ಓದುವವರು ಅವರೊಬ್ಬರೇ ಅಲ್ಲ, ಮೊದಲ ಸಲ ನಾನೂ ಹಾಗೆಯೇ ಓದಿ ರಾತ್ರಿ ನಿದ್ದೆಗೆಟ್ಟಿದ್ದೆ. ಹೃದಯದ ಎಡಗಡೆಯ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬ ಲೆಕ್ಕ ಅದು. ಯಾರ ಹೃದಯವೂ ನೂರಕ್ಕೆ ನೂರು ಖಾಲಿ ಮಾಡುವುದಿಲ್ಲ. 55ರಿಂದ 70ರ ಒಳಗೆ ಇದ್ದರೆ ಅದು ಸರಿಯಾದ ಹೃದಯ. ಇದನ್ನು ಹೇಳಿದಾಗ ಆ ಹಿರಿಯರು ವರದಿಯನ್ನು ಮತ್ತೆ ಕೈಗೆ ತೆಗೆದುಕೊಂಡು ಆ ಸಾಲನ್ನು ಬೆರಳಿಟ್ಟು ನೋಡಿದರು.

ಅವರ ಮಗಳ ತೊಂದರೆಗೂ ನನ್ನದಕ್ಕೂ ಹೆಸರು ಒಂದೇ ಆದರೂ ಕಾರಣ ಬೇರೆ. ಅವಳಿಗಿರುವುದು ಪ್ರೊಲ್ಯಾಪ್ಸ್. ಕವಾಟದ ಹಾಳೆ ಸ್ವಲ್ಪ ಸಡಿಲವಾಗಿದ್ದು ಮುಚ್ಚುವಾಗ ಹಿಂದಕ್ಕೆ ಉಬ್ಬುತ್ತದೆ. ನೂರು ಜನರಲ್ಲಿ ಎರಡು ಮೂರು ಜನರಿಗೆ ಇದು ಇರುತ್ತದೆ, ಬಹಳಷ್ಟು ಮಂದಿಗೆ ತಿಳಿದೇ ಇರುವುದಿಲ್ಲ. ಕೆಲವರಿಗೆ ಹುಟ್ಟುವಾಗಲೇ ಇನ್ನೊಂದು ಕವಾಟದಲ್ಲಿ ಮೂರು ಹಾಳೆಗಳ ಬದಲು ಎರಡೇ ಇರುತ್ತವೆ. ವಯಸ್ಸಾದವರಲ್ಲಿ ಕವಾಟಕ್ಕೆ ಸುಣ್ಣದ ಅಂಶ ಕಟ್ಟಿ ಗಟ್ಟಿಯಾಗುವುದೂ ಉಂಟು. ಆದರೆ ನಮ್ಮ ದೇಶದಲ್ಲಿ ಎಳೆಯ ವಯಸ್ಸಿನವರ ಕವಾಟ ಕೆಡಿಸುವುದರಲ್ಲಿ ಮುಂದಿರುವುದು ಗಂಟಲು ನೋವಿನಿಂದ ಶುರುವಾಗುವ ರುಮ್ಯಾಟಿಕ್ ಜ್ವರ. ನನ್ನದು ಅದೇ.

ಆಗ ನನಗೆ ಹನ್ನೆರಡು ವರ್ಷ, ದರ್ಸಿನಲ್ಲಿ ಉಳಿದುಕೊಂಡು ಓದುತ್ತಿದ್ದೆ. ಒಂದೇ ಕೋಣೆಯಲ್ಲಿ ಹದಿನೆಂಟು ಹುಡುಗರು, ಚಾಪೆಗೆ ಚಾಪೆ ತಾಗಿಸಿ ಮಲಗುತ್ತಿದ್ದೆವು. ಮಳೆಗಾಲದಲ್ಲಿ ಒಬ್ಬನಿಗೆ ಗಂಟಲು ಕಟ್ಟಿದರೆ ವಾರದೊಳಗೆ ಅರ್ಧ ಕೋಣೆಗೆ. ನನಗೂ ಬಂತು, ಉಪ್ಪುನೀರು ಮುಕ್ಕಳಿಸಿದೆ, ಹೋಯಿತು. ಎರಡು ಮೂರು ವಾರ ಕಳೆದು ಜ್ವರ ಬಂತು. ಮೊದಲು ಬಲಮೊಣಕಾಲು ಊದಿತು. ಅದು ಇಳಿಯುವಷ್ಟರಲ್ಲಿ ಎಡಗಾಲಿನ ಹರಡು, ಆಮೇಲೆ ಮೊಣಕೈ. ವಾಯು ಎಂದರು, ಎಣ್ಣೆ ತಿಕ್ಕಿದರು. ಯಾರನ್ನೂ ದೂರುವುದಿಲ್ಲ, ಆ ಕಾಲದಲ್ಲಿ ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಊರಿಗೆ ಹೋದಾಗ ಉಮ್ಮ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ವೈದ್ಯರು ಇಪ್ಪತ್ತೊಂದು ದಿನಕ್ಕೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದು ಹಾಕಿಸಬೇಕು, ನಿಲ್ಲಿಸಬಾರದು ಎಂದು ಹೇಳಿದರು.

ಎರಡು ವರ್ಷ ಹಾಕಿಸಿದೆ. ಆ ಸೂಜಿಯ ನೋವು ತಿಂದವರಿಗೇ ಗೊತ್ತು. ಕೀಲು ನೋವು ಪೂರ್ತಿ ಹೋಗಿತ್ತು, ಫುಟ್‌ಬಾಲ್ ಆಡುತ್ತಿದ್ದೆ. ಆರಾಮಾಗಿರುವವನಿಗೆ ಚುಚ್ಚುಮದ್ದು ಏಕೆ ಎಂದು ನಾನೇ ತಪ್ಪಿಸಿಕೊಂಡೆ. ಮನೆಯಲ್ಲೂ ಒತ್ತಾಯಿಸಲಿಲ್ಲ. ಮೂವತ್ತಾರನೇ ವಯಸ್ಸಿನಲ್ಲಿ ಕೆಮ್ಮಿಗೆಂದು ಹೋದಾಗ ವೈದ್ಯರು ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. "ಚಿಕ್ಕವರಿದ್ದಾಗ ಕೀಲು ಊದಿತ್ತೇ?" ಎಂದು ಅವರು ಕೇಳಿದಾಗಲೇ ನನಗೆ ಆ ಸೂಜಿ ನೆನಪಾದದ್ದು.

ಈ ಜ್ವರದ ಬಗೆ ವಿಚಿತ್ರ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಗಂಟಲಿಗೆ ಬರುತ್ತದೆ. ಅದರ ವಿರುದ್ಧ ಹೋರಾಡಲು ಎದ್ದ ನಮ್ಮ ದೇಹದ ಶಕ್ತಿಯೇ ಕೆಲವು ಮಕ್ಕಳಲ್ಲಿ ಗುರುತು ತಪ್ಪಿ ತನ್ನದೇ ಕೀಲು, ತನ್ನದೇ ಹೃದಯಕ್ಕೆ ಏಟು ಹಾಕುತ್ತದೆ. ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಿಗೆ. ಕೀಲು ಪೂರ್ತಿ ಗುಣವಾಗುತ್ತದೆ, ಕವಾಟದ ಮೇಲೆ ಮಾತ್ರ ಗಾಯದ ಕಲೆ ಉಳಿಯಬಹುದು. ಗಂಟಲು ಸೋಂಕು ಮತ್ತೆ ಮತ್ತೆ ಬಂದರೆ ಪ್ರತಿ ಸಲವೂ ಕಲೆಯ ಮೇಲೆ ಕಲೆ. ಮೂರು ನಾಲ್ಕು ವಾರಕ್ಕೊಮ್ಮೆ ಕೊಡುವ ಬೆಂಝಥೀನ್ ಪೆನ್ಸಿಲಿನ್ ಕೀಲು ನೋವಿಗಿರುವ ಮದ್ದಲ್ಲ. ಆ ಬ್ಯಾಕ್ಟೀರಿಯಾ ಮತ್ತೊಮ್ಮೆ ಗಂಟಲಲ್ಲಿ ನೆಲೆಯೂರದಂತೆ ಹಾಕುವ ಕಾವಲು. ಆರಾಮಾಗಿರುವವನಿಗೇ ಅದು ಬೇಕಾಗಿರುವುದು. ಇಷ್ಟು ಸಣ್ಣ ವಿಷಯ ಹದಿನಾಲ್ಕನೇ ವಯಸ್ಸಿನಲ್ಲಿ ನನಗೆ ಗೊತ್ತಿದ್ದರೆ ಎಂದು ಈಗಲೂ ಅನಿಸುತ್ತದೆ. ತಖ್ದೀರನ್ನು ನಂಬುವವನು ನಾನು, ಆದರೆ ನನ್ನ ಅಜಾಗರೂಕತೆಗೆ ತಖ್ದೀರ್ ಎಂದು ಹೆಸರಿಟ್ಟು ಕೈ ತೊಳೆದುಕೊಳ್ಳಲಾರೆ.

ಎಷ್ಟು ವರ್ಷ ಹಾಕಿಸಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಹೃದಯಕ್ಕೆ ತಾಗಿದ್ದರೆ ಸಾಮಾನ್ಯವಾಗಿ ಕನಿಷ್ಠ ಹತ್ತು ವರ್ಷ, ಕವಾಟದಲ್ಲಿ ದೋಷ ಉಳಿದವರಿಗೆ 40 ವರ್ಷ ವಯಸ್ಸಿನವರೆಗೂ ಬೇಕಾಗಬಹುದು, ಕೆಲವರಿಗೆ ಅದಕ್ಕಿಂತಲೂ ಹೆಚ್ಚು. ನಾನು ದಿನವೂ ಮದ್ರಸದ ಮಕ್ಕಳ ನಡುವೆ ಇರುವವನು, ಗಂಟಲು ಸೋಂಕು ತಗಲುವ ಸಂಭವ ಹೆಚ್ಚು ಎಂದು ನನಗೆ ಮೂವತ್ತಾರರಲ್ಲಿ ಮತ್ತೆ ಶುರು ಮಾಡಿಸಿ ನಲವತ್ತರವರೆಗೆ ಹಾಕಿಸಿದರು. ಇಪ್ಪತ್ತೊಂದು ದಿನ ಎಂದರೆ ಸರಿಯಾಗಿ ಮೂರು ವಾರ, ವಾರದ ಅದೇ ದಿನ ಬರುತ್ತದೆ, ನೆನಪಿಡಲು ಸುಲಭ. ಮೊದಲು ಶುಕ್ರವಾರ ಬೆಳಿಗ್ಗೆ ಎಂದು ಇಟ್ಟುಕೊಂಡೆ. ಮಿಂಬರಿನಲ್ಲಿ ಎರಡು ಖುತ್ಬಾಗಳ ನಡುವೆ ಕುಳಿತುಕೊಳ್ಳುವುದು ಸುನ್ನತ್ತೋ ಶಿಕ್ಷೆಯೋ ಎಂಬಂತಾಯಿತು. ಆಮೇಲೆ ಶನಿವಾರಕ್ಕೆ ಬದಲಾಯಿಸಿದೆ.

ಮದ್ರಸ, ದರ್ಸ್, ಹಾಸ್ಟೆಲ್ ನಡೆಸುವ ನನ್ನ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಮೂಗು ಸೋರಿ ಕೆಮ್ಮು ಬರುವ ಶೀತದ ಗಂಟಲು ನೋವು ಸಾಮಾನ್ಯವಾಗಿ ಇದಲ್ಲ. ಕೆಮ್ಮು, ಶೀತ ಇಲ್ಲದೆ ಜ್ವರ, ನುಂಗಲು ನೋವು, ಕತ್ತಿನಲ್ಲಿ ಮುಟ್ಟಿದರೆ ನೋಯುವ ಗಂಟು ಇರುವ ಮಗುವನ್ನು ಅಂದೇ ವೈದ್ಯರಿಗೆ ತೋರಿಸಿ. ಔಷಧಿ ಹತ್ತು ದಿನಕ್ಕೆ ಬರೆದರೆ ಹತ್ತು ದಿನವೂ ಕುಡಿಸಿ, ಮೂರನೇ ದಿನ ಗಂಟಲು ಸರಿಯಾಯಿತೆಂದು ಬಾಟಲಿ ಮುಚ್ಚಬೇಡಿ. ಕೀಲು ಊದಿ ಒಂದರಿಂದ ಇನ್ನೊಂದಕ್ಕೆ ದಾಟುತ್ತಿದ್ದರೆ ಎಣ್ಣೆಯ ಶೀಸೆಗೆ ಕೈ ಹಾಕಬೇಡಿ. ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುವ ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ಹೃದಯ ತೊಂದರೆಯನ್ನೂ ನೋಡುತ್ತಾರೆ. ಆ ದಿನ ಮಕ್ಕಳನ್ನು ಶಾಲೆ ತಪ್ಪಿಸಬೇಡಿ.

ನೋಡಿಸಿಕೊಳ್ಳುತ್ತಿರುವುದು ಎಂದರೆ ಏನು? ಮೈಲ್ಡ್ ಸೋರಿಕೆ ಇದ್ದು ಬೇರೇನೂ ತೊಂದರೆ ಇಲ್ಲದವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ ಎಕೋ ಸಾಕೆಂದು ಹೃದಯ ತಜ್ಞರ ಮಾರ್ಗದರ್ಶನ ಹೇಳುತ್ತದೆ. ಮಾಡರೇಟ್ ಆದರೆ ಒಂದೆರಡು ವರ್ಷಕ್ಕೊಮ್ಮೆ, ಸಿವಿಯರ್ ಆದರೆ ಆರು ತಿಂಗಳಿಂದ ವರ್ಷದೊಳಗೆ. ನನಗೆ ರುಮ್ಯಾಟಿಕ್ ಹಿನ್ನೆಲೆ ಇರುವುದರಿಂದ ಎರಡು ವರ್ಷಕ್ಕೊಮ್ಮೆ ಬರಲು ಹೇಳಿದ್ದಾರೆ. ಇದರಲ್ಲಿ ಸೂಜಿ ಇಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ಎದೆಗೆ ತಣ್ಣನೆಯ ಜೆಲ್ ಹಚ್ಚಿ ಗರ್ಭಿಣಿಯರ ಸ್ಕ್ಯಾನ್‌ನಂತೆ ಶಬ್ದದ ಅಲೆಗಳಿಂದ ನೋಡುವುದು, ಅಷ್ಟೇ.

ವೈದ್ಯರಿಗೆ ಇಂದಿನ ವರದಿಗಿಂತ ಹೆಚ್ಚು ಬೇಕಾಗಿರುವುದು ಹಿಂದಿನ ವರದಿ. ಎಡಭಾಗದ ಕೋಣೆ ಹೋದ ಸಲಕ್ಕಿಂತ ದೊಡ್ಡದಾಗಿದೆಯೇ, ಇ.ಎಫ್. ಇಳಿದಿದೆಯೇ ಎಂದು ಅವರು ಹೋಲಿಸಿ ನೋಡುತ್ತಾರೆ. ನಮ್ಮ ಮನೆಗಳಲ್ಲಿ ಆಸ್ತಿ ಪತ್ರ, ಪಾಸ್‌ಪೋರ್ಟ್ ಭದ್ರವಾಗಿರುತ್ತವೆ, ಆಸ್ಪತ್ರೆಯ ಕಾಗದ ಮಾತ್ರ ಮನೆ ಗುಡಿಸುವಾಗ ಹೋಗಿಬಿಡುತ್ತದೆ. ನನ್ನ ಬಾಲ್ಯದ ಚುಚ್ಚುಮದ್ದಿನ ಚೀಟಿಯೂ ಹಾಗೆಯೇ ಹೋಯಿತು. ಈಗ ಪ್ರತಿ ವರದಿಯ ಫೋಟೊ ಮೊಬೈಲಿನಲ್ಲಿದೆ, ಕಾಗದ ಒಂದೇ ಫೈಲಿನಲ್ಲಿದೆ, ಮುಂದಿನ ಎಕೋದ ತಿಂಗಳು ಫೈಲಿನ ಮೇಲೆ ದೊಡ್ಡದಾಗಿ ಬರೆದಿದೆ. ನನ್ನ ಪತ್ನಿಗೆ ಅದು ನನಗಿಂತ ಚೆನ್ನಾಗಿ ನೆನಪಿರುತ್ತದೆ.

ಎರಡು ಎಕೋಗಳ ನಡುವೆ ನಮ್ಮ ದೇಹವೇ ಹೇಳುತ್ತಿರುತ್ತದೆ. ನಮ್ಮ ಮಸೀದಿಯ ಮೇಲಂತಸ್ತಿಗೆ ಇಪ್ಪತ್ತೆರಡು ಮೆಟ್ಟಿಲು. ಮಾತನಾಡುತ್ತಾ ಒಂದೇ ಸಮನೆ ಹತ್ತಬಲ್ಲೆನೇ ಎಂದು ತಿಂಗಳಿಗೊಮ್ಮೆ ಗಮನಿಸುತ್ತೇನೆ. ಮೊದಲು ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲಿಗೆ ಈಗ ನಡುವೆ ನಿಲ್ಲಬೇಕಾದರೆ, ರಾತ್ರಿ ಮಲಗಲು ಒಂದರ ಮೇಲೆ ಇನ್ನೊಂದು ದಿಂಬು ಬೇಕಾದರೆ, ಸಂಜೆ ಪಾದ ಊದಿದರೆ, ಎದೆ ಏರುಪೇರಾಗಿ ಡವಡವಿಸತೊಡಗಿದರೆ ಎಕೋದ ದಿನಾಂಕಕ್ಕೆ ಕಾಯದೆ ಹೋಗಬೇಕು. ತಲೆ ತಿರುಗಿ ಬಿದ್ದರೆ ಅಥವಾ ಎದೆನೋವು ಬಂದರೆ ಕೂಡಲೇ ಹೋಗಬೇಕು. ಇವು ಯಾವುದೂ ಇಲ್ಲದವರು ಹೃದಯ ಕಾಯಿಲೆ ಎಂದು ಮೂಲೆಯಲ್ಲಿ ಕೂರುವುದು ಬೇಡ. ನಡಿಗೆ, ತೋಟದ ಕೆಲಸ, ಮನೆಗೆಲಸ ಎಲ್ಲ ಆಗಬಹುದು, ಆಗಲೇಬೇಕು. ರಕ್ತದೊತ್ತಡ ಏರಿದರೆ ಸೋರಿಕೆಯೂ ಏರುತ್ತದೆ, ಆದ್ದರಿಂದ ಅದನ್ನು ನೋಡಿಸುತ್ತಿರಿ. ನಮ್ಮ ಕರಾವಳಿಯವರಿಗೆ ಗಂಜಿಯ ಜೊತೆ ಒಣಮೀನು, ಉಪ್ಪಿನಕಾಯಿ ಇಲ್ಲದೆ ಆಗುವುದಿಲ್ಲ ಎಂಬುದು ನನಗೂ ಗೊತ್ತು. ದಿನವೂ ಬೇಡ ಎನ್ನುತ್ತೇನೆ, ಅಷ್ಟೇ. ಬೀಡಿ ಸಿಗರೇಟಿನ ಬಗ್ಗೆ ಮಿಂಬರಿನಲ್ಲಿ ಹೇಳಿ ಹೇಳಿ ಸಾಕಾಗಿದೆ.

ಹೆಚ್ಚಿನವರು ಕೇಳದೇ ಇರುವ ಸಂಗತಿ ಹಲ್ಲಿನದು. ಕೊಳೆತ ಹಲ್ಲು, ಊದಿದ ವಸಡಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ದೋಷವಿರುವ ಕವಾಟದ ಮೇಲೆ ಕುಳಿತುಕೊಳ್ಳಬಹುದು. ಅಪರೂಪಕ್ಕೆ ಆಗುವುದು, ಆದರೆ ಆದರೆ ಪ್ರಾಣಕ್ಕೆ ಅಪಾಯ. ಪ್ರವಾದಿವರ್ಯರು(ಸ) ಮಿಸ್ವಾಕಿಗೆ ಕೊಟ್ಟ ಮಹತ್ವ ನಮಗೆಲ್ಲ ತಿಳಿದಿದೆ. ಪ್ರತಿ ನಮಾಝಿನ ವುಝೂ ಮಾಡುವಾಗ ಬಾಯಿ ಶುಚಿಗೊಳಿಸುವವನಿಗೆ, ರಾತ್ರಿ ಹಲ್ಲುಜ್ಜಿ ಮಲಗುವವನಿಗೆ ಇದೂ ಒಂದು ರಕ್ಷಣೆ. ಹಲ್ಲು ಕೀಳಿಸುವ ಮೊದಲು ಆಂಟಿಬಯೋಟಿಕ್ ತೆಗೆದುಕೊಳ್ಳುವುದನ್ನು ಹಿಂದೆ ಕವಾಟದ ತೊಂದರೆ ಇದ್ದ ಬಹುತೇಕರಿಗೂ ಹೇಳುತ್ತಿದ್ದರು. ಈಗ ಮುಖ್ಯವಾಗಿ ಕೃತಕ ಕವಾಟ ಇರುವವರಿಗೆ, ಹಿಂದೆ ಈ ಸೋಂಕು ಬಂದವರಿಗೆ ಹೇಳುತ್ತಾರೆ. ಯಾವುದಕ್ಕೂ ದಂತವೈದ್ಯರ ಕುರ್ಚಿಯಲ್ಲಿ ಕುಳಿತಾಗ ವಿಷಯ ತಿಳಿಸಿಬಿಡಿ. ಇನ್ನೊಂದು ಮುಖ್ಯ ಮಾತು: ಕಾರಣ ತಿಳಿಯದ ಜ್ವರ ದಿನಗಟ್ಟಲೆ ಬಿಡದಿದ್ದರೆ ಮೆಡಿಕಲ್ ಅಂಗಡಿಯಿಂದ ನೀವೇ ಆಂಟಿಬಯೋಟಿಕ್ ತಂದು ನುಂಗಬೇಡಿ. ಮೊದಲು ವೈದ್ಯರಿಗೆ ಕವಾಟದ ವಿಷಯ ಹೇಳಿ. ಮದ್ದು ಶುರುವಾಗುವ ಮುಂಚೆ ರಕ್ತದ ಕಲ್ಚರ್ ಪರೀಕ್ಷೆ ಬೇಕಾಗಬಹುದು, ಮಾತ್ರೆ ನುಂಗಿದ ಮೇಲೆ ಮಾಡಿದರೆ ಬ್ಯಾಕ್ಟೀರಿಯಾ ಪತ್ತೆಯಾಗದೆ ಹೋಗಬಹುದು.

ಚಿಕಿತ್ಸೆಗೆ ಹೋಗುವುದು ತವಕ್ಕುಲ್‌ಗೆ ವಿರುದ್ಧವೇ ಎಂದು ಕೇಳುವವರು ಈಗಲೂ ಇದ್ದಾರೆ. ಅಬೂ ದಾವೂದ್ ಸಂಕಲನದಲ್ಲಿ ಸಅದ್ ಇಬ್ನು ಅಬೀ ವಖ್ಖಾಸ್(ರ) ತಮ್ಮ ಕಾಯಿಲೆಯ ಬಗ್ಗೆ ಹೇಳುವ ವರದಿಯೊಂದಿದೆ. ಪ್ರವಾದಿ(ಸ) ಅವರನ್ನು ನೋಡಲು ಬಂದು ಎದೆಯ ಮೇಲೆ ಕೈ ಇಟ್ಟರು. ಆ ಕೈಯ ತಂಪು ಸಅದ್‌ರಿಗೆ ಹೃದಯಕ್ಕೆ ತಟ್ಟಿತು. ನಿಮಗೆ ಹೃದಯದ ಕಾಯಿಲೆ ಇದೆ ಎಂದು ಹೇಳಿ, ಸಖೀಫ್ ಗೋತ್ರದ ಹಾರಿಸ್ ಇಬ್ನು ಕಲದಾರ ಬಳಿಗೆ ಹೋಗಲು ತಿಳಿಸಿದರು, ಏಕೆಂದರೆ ಆತ ವೈದ್ಯ. ಆ ಹಾರಿಸ್ ಇಸ್ಲಾಂ ಸ್ವೀಕರಿಸಿದ್ದರೇ ಎಂಬುದರಲ್ಲಿಯೇ ಚರಿತ್ರೆಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಈ ವರದಿಯ ಸನದಿನ ಬಗ್ಗೆ ಹದೀಸ್ ವಿದ್ವಾಂಸರ ಮಾತುಗಳೂ ಇವೆ. ಆದರೆ ಚಿಕಿತ್ಸೆ ಪಡೆಯಬೇಕೆಂಬ ಪ್ರವಾದಿ ಆದೇಶ ಬೇರೆ ಬಲವಾದ ವರದಿಗಳಲ್ಲಿ ಬಂದಿರುವುದರಿಂದ ವಿಷಯದಲ್ಲಿ ಸಂದೇಹವಿಲ್ಲ. ಇದೇ ವರದಿಯಲ್ಲಿ ಅಜ್ವಾ ಖರ್ಜೂರದ ಮಾತೂ ಬರುತ್ತದೆ. ವಾಟ್ಸಾಪಿನಲ್ಲಿ ಅಷ್ಟನ್ನೇ ಕತ್ತರಿಸಿ ಕಳುಹಿಸುತ್ತಾರೆ, ವೈದ್ಯರ ಬಳಿಗೆ ಕಳುಹಿಸಿದ ಭಾಗ ಬಿಟ್ಟುಹೋಗಿರುತ್ತದೆ. ಅಜ್ವಾ ತಿನ್ನಿ, ಎಕೋ ಕೂಡ ಮಾಡಿಸಿ. ಎದೆಯ ಮೇಲೆ ಕೈಯಿಟ್ಟು ದುಆ ಮಾಡಿ, ಇಪ್ಪತ್ತೊಂದನೇ ದಿನ ಸೂಜಿಯನ್ನೂ ಹಾಕಿಸಿ. ಸಅದ್(ರ) ಮುಂದೆ ಖಾದಿಸಿಯ್ಯಾ ಯುದ್ಧದ ಸೇನಾನಾಯಕರಾದರು, ಕೂಫಾದ ಆಡಳಿತ ನಡೆಸಿದರು, ತುಂಬು ವಯಸ್ಸಿನವರೆಗೆ ಬಾಳಿದರು.

ಇನ್ನು ಉಪವಾಸ. ರೋಗಿಗೆ ಮತ್ತು ಪ್ರಯಾಣಿಕನಿಗೆ ಬೇರೆ ದಿನಗಳಲ್ಲಿ ಎಣಿಕೆ ಪೂರ್ತಿಗೊಳಿಸುವ ರಿಯಾಯಿತಿಯನ್ನು ಸೂರಃ ಅಲ್‌ಬಖರಃದಲ್ಲಿ ಅಲ್ಲಾಹನೇ ಕೊಟ್ಟಿದ್ದಾನೆ. ಆದರೆ ಉಪವಾಸದಿಂದ ರೋಗ ಹೆಚ್ಚುವ, ಗುಣವಾಗುವುದು ತಡವಾಗುವ ಅಥವಾ ಸಹಿಸಲಾಗದ ಕಷ್ಟವಾಗುವ ರೋಗಿಗೆ ಆ ರಿಯಾಯಿತಿ. ವರದಿಯಲ್ಲಿ ಮೈಲ್ಡ್ ಎಂದು ಬರೆದದ್ದೇ ಉಪವಾಸ ಬಿಡಲು ಕಾರಣವಾಗುವುದಿಲ್ಲ. ಲಕ್ಷಣವಿಲ್ಲದ, ಮಾತ್ರೆ ಇಲ್ಲದ ಮೈಲ್ಡ್ ಸೋರಿಕೆಯವರು ಸಾಮಾನ್ಯವಾಗಿ ಉಪವಾಸ ಹಿಡಿಯಬಹುದು. ನಾನು ಹಿಡಿಯುತ್ತಿದ್ದೇನೆ. ಮೂತ್ರ ಹೋಗುವ ಮಾತ್ರೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಶಅಬಾನ್ ತಿಂಗಳಲ್ಲೇ ವೈದ್ಯರನ್ನು ಕಂಡು ಕೇಳಬೇಕು. ಮಧ್ಯಾಹ್ನದ ಮಾತ್ರೆಯನ್ನು ತಾವಾಗಿಯೇ ಸಹರಿಗೂ ಇಫ್ತಾರಿಗೂ ಹಂಚಿಕೊಳ್ಳಬಾರದು. ವೈದ್ಯರು ಬೇಡವೆಂದರೆ ಬಿಡುವುದೇ ದೀನ್, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಪೆನ್ಸಿಲಿನ್ ಸೂಜಿಯಿಂದ ಉಪವಾಸ ಮುರಿಯುತ್ತದೆಯೇ ಎಂದು ಪ್ರತಿ ರಮಝಾನಿನಲ್ಲಿ ಯಾರಾದರೂ ಕೇಳುತ್ತಾರೆ. ಮಾಂಸಖಂಡಕ್ಕೆ ಚುಚ್ಚುವ, ಆಹಾರವಲ್ಲದ ಮದ್ದಿನಿಂದ ಮುರಿಯುವುದಿಲ್ಲ ಎಂಬುದೇ ನಮ್ಮ ಕಾಲದ ಬಹುತೇಕ ವಿದ್ವಾಂಸರ ಅಭಿಪ್ರಾಯ. ಮನಸ್ಸಿಗೆ ಇರಿಸುಮುರಿಸಾದರೆ ಇಫ್ತಾರ್ ಮುಗಿಸಿ ಹಾಕಿಸಿಕೊಳ್ಳಿ, ರಮಝಾನ್ ಎಂದು ತಿಂಗಳು ದಾಟಿಸಬೇಡಿ.

ಮುಂದೆ ಸೋರಿಕೆ ಹೆಚ್ಚಾದರೆ ಗತಿಯೇನು ಎಂಬ ಭಯ ಕೆಲವರಿಗೆ. ಕವಾಟವನ್ನು ರಿಪೇರಿ ಮಾಡಬಹುದು, ಬದಲಾಯಿಸಲೂಬಹುದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ನಮ್ಮ ದೇಶದಲ್ಲೇ ತಯಾರಿಸಿದ ಕೃತಕ ಕವಾಟವನ್ನು 1990ರಲ್ಲೇ ರೋಗಿಗೆ ಅಳವಡಿಸಿದ್ದಾರೆ. ಪ್ರಾಣಿಗಳ ಅಂಗಾಂಶದ ಕವಾಟಗಳಲ್ಲಿ ದನದ್ದೂ ಇದೆ, ಹಂದಿಯದ್ದೂ ಇದೆ. ಆಯ್ಕೆ ಇರುವಾಗ ಶಸ್ತ್ರವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಿ, ಬೇರೆ ದಾರಿಯಿಲ್ಲದ ತುರ್ತಿನಲ್ಲಿ ಪ್ರಾಣ ಉಳಿಸುವುದಕ್ಕೆ ಶರೀಅತ್ ಅಡ್ಡ ಬರುವುದಿಲ್ಲ. ಮೈಲ್ಡ್ ಇರುವವರು ಈ ಚಿಂತೆಯನ್ನು ಈಗಲೇ ತಲೆಗೆ ತುಂಬಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ಆ ತಂದೆಯ ಮೊದಲ ಪ್ರಶ್ನೆ ಉಳಿದಿತ್ತು. ಹುಡುಗನ ಮನೆಯವರಿಗೆ ಹೇಳಬೇಕಾ?

ಹೇಳಿ ಎಂದೆ. ಇಂಥ ಸಣ್ಣ ಸೋರಿಕೆ ನಿಕಾಹ್ ಮುರಿಯುವ ದೋಷಗಳ ಸಾಲಿನಲ್ಲಿ ಬರುವುದಿಲ್ಲ, ನಿಜ. ಆದರೆ ಫಾತಿಮಾ ಬಿಂತ್ ಖೈಸ್(ರ) ತಮಗೆ ಬಂದ ಸಂಬಂಧಗಳ ಬಗ್ಗೆ ಕೇಳಿದಾಗ ಪ್ರವಾದಿ(ಸ) ಬಂದವರ ಕೊರತೆಯನ್ನು ಮರೆಮಾಚದೆ ತಿಳಿಸಿದ್ದರು. ಒಬ್ಬರ ಬಳಿ ಹಣವಿಲ್ಲ, ಇನ್ನೊಬ್ಬರು ಕೋಲು ಕೆಳಗಿಡುವವರಲ್ಲ ಎಂದು. ಮದುವೆಯ ವಿಷಯದಲ್ಲಿ ಮುಚ್ಚುಮರೆ ಆಗುವುದಿಲ್ಲ. ಇದಕ್ಕಿಂತ ದೊಡ್ಡ ಕಾರಣ ಹುಡುಗಿಯ ಜೀವವೇ. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ಹೃದಯಕ್ಕೆ ಕೆಲಸವೂ ಹೆಚ್ಚು. ಮೈಲ್ಡ್ ಸೋರಿಕೆಯವರು ಸಾಮಾನ್ಯವಾಗಿ ಇದನ್ನು ಚೆನ್ನಾಗಿಯೇ ತಾಳಿಕೊಳ್ಳುತ್ತಾರೆ. ಕವಾಟ ಕಿರಿದಾಗಿರುವವರಲ್ಲಿ ಮಾತ್ರ ಇದೇ ಸಮಯದಲ್ಲಿ ಉಸಿರಾಟದ ತೊಂದರೆ ಮೊದಲ ಸಲ ಕಾಣಿಸಿಕೊಳ್ಳುವುದುಂಟು. ಯಾವ ಬಗೆಯದಾದರೂ ಹೆರಿಗೆ ವೈದ್ಯರಿಗೆ ಮೊದಲ ಭೇಟಿಯಲ್ಲೇ ತಿಳಿಸಬೇಕು, ಎಕೋ ವರದಿ ತೋರಿಸಬೇಕು. ಗಂಡನ ಮನೆಯಲ್ಲಿ ಫೈಲನ್ನು ಅಡಗಿಸಿಟ್ಟ ಹುಡುಗಿ ಅದನ್ನು ಯಾರ ಮುಂದೆ ತೆರೆಯುತ್ತಾಳೆ? ಸುಸ್ತು ಬಂದಾಗ ಅದು ಸೋಮಾರಿತನವಲ್ಲ ಎಂದು ಅತ್ತೆಗೆ ಹೇಗೆ ಹೇಳುತ್ತಾಳೆ?

"ಮುರಿದು ಹೋದರೆ?" ಎಂದು ಅವರು ಕೇಳಿದರು. ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾನೂ ಮೂವರು ಹೆಣ್ಣುಮಕ್ಕಳ ತಂದೆ. ನೀವು ಒಪ್ಪಿದರೆ ಹುಡುಗನ ತಂದೆಯ ಬಳಿಗೆ ನಾನೂ ಬರುತ್ತೇನೆ, ನನ್ನ ಫೈಲೂ ಬರುತ್ತದೆ ಎಂದೆ.

ಮುಂದಿನ ಭಾನುವಾರ ಇಬ್ಬರೂ ಹೋದೆವು. ಹುಡುಗನ ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಹುಡುಗನ ಉಮ್ಮ ಒಳಗಿನಿಂದಲೇ ಮಕ್ಕಳಾಗುವ ಬಗ್ಗೆ ಕೇಳಿಸಿದರು. ಹುಡುಗ ಮಾತ್ರ ನೇರವಾಗಿ, "ಉಸ್ತಾದ್, ಆ ಡಾಕ್ಟರರನ್ನು ನಾವೂ ಒಮ್ಮೆ ಕಾಣಬಹುದಾ?" ಎಂದ. ಎರಡೂ ಮನೆಯವರು ಒಂದೇ ಕಾರಿನಲ್ಲಿ ಹೋಗಿ ಬಂದರು. ವೈದ್ಯರು ಎದೆಗೆ ಕಿವಿಗೊಟ್ಟು ಕೇಳಿ, ವರದಿ ನೋಡಿ, ಮದುವೆಗೂ ತಾಯ್ತನಕ್ಕೂ ಈಗ ಅಡ್ಡಿಯಿಲ್ಲ, ಗರ್ಭಿಣಿಯಾದಾಗ ಒಮ್ಮೆ ಎಕೋ ಮಾಡಿಸಿ, ಇಲ್ಲದಿದ್ದರೆ ಮೂರು ವರ್ಷ ಬಿಟ್ಟು ಬನ್ನಿ ಎಂದರಂತೆ. ನಿಕಾಹ್ ಗೊತ್ತುಮಾಡಿದ ದಿನಕ್ಕೆ ನಡೆಯಲಿಲ್ಲ, ಹುಡುಗನ ಮನೆಯ ಹಿರಿಯರೊಬ್ಬರು ಇನ್ನೂ ಯೋಚಿಸಬೇಕು ಎಂದರು. ಈಗ ಶವ್ವಾಲ್ ತಿಂಗಳಿಗೆ ಇಟ್ಟಿದ್ದಾರೆ, ಇನ್ಶಾ ಅಲ್ಲಾಹ್. ಹುಡುಗಿಯ ಎಕೋ ವರದಿಯ ಒಂದು ಪ್ರತಿಯನ್ನು ಹುಡುಗ ಕೇಳಿ ಪಡೆದುಕೊಂಡಿದ್ದಾನೆ ಎಂದು ಮೊನ್ನೆ ಅಸರ್ ನಮಾಝಿನ ನಂತರ ಆ ತಂದೆ ಹೇಳಿದರು. ನನ್ನ ಎಕೋ ಬರುವ ಮುಹರ್ರಮ್‌ನಲ್ಲಿ.